ಹಳೆಯ ಸೂಪರ್‌ಮ್ಯಾನ್ ಮೇಲಿನ ನಿಷ್ಠೆ, ಹೊಸಬನ ಮೇಲಿನ ಮುನಿಸು

ಹಿಂದೆ ಸೂಪರ್‌ಮ್ಯಾನ್ ಆಗಿದ್ದ ನಟ ಹೆನ್ರಿ ಕ್ಯಾವಿಲ್ ಅವರನ್ನು ಕೈಬಿಟ್ಟ ಸಿಟ್ಟು ಇಳಿದಿಲ್ಲ, 2025ರ 'ಸೂಪರ್‌ಮ್ಯಾನ್' ನೋಡಿದರೆ ಅವರಿಗೆ ದ್ರೋಹ ಬಗೆದಂತಾಗುವುದಿಲ್ಲವೇ ಎಂದು ಕೇಳಿದ್ದೀರಿ. ನಿಮ್ಮ ಸಿಟ್ಟು ನನಗೂ ಗೊತ್ತು. 2022ರ ಅಕ್ಟೋಬರ್‌ನಲ್ಲಿ ಮರಳಿ ಬರುತ್ತೇನೆ ಎಂದವರು ಡಿಸೆಂಬರ್‌ನಲ್ಲಿ ಇಲ್ಲ ಎಂದಾಗ ನಾನೂ ಹಲ್ಲು ಕಡಿದಿದ್ದೆ. ಹೊಸ ಚಿತ್ರದ ಟ್ರೇಲರ್ ಕೂಡ ನೋಡುವುದಿಲ್ಲ ಎಂದು ಹಟ ಹಿಡಿದಿದ್ದೆ. ಎಂಥ ಹಟವೋ!

ಕೊನೆಗೆ ತಂಗಿಯ ಮಗನ ಕಾಟಕ್ಕೆ ಹೋದೆ. ಹಳೆಯ ಸೂಪರ್‌ಮ್ಯಾನ್ ಚಿತ್ರ 'ಮ್ಯಾನ್ ಆಫ್ ಸ್ಟೀಲ್'ನಲ್ಲಿ ಕ್ಯಾವಿಲ್ ಹಿಮಕ್ಕೆ ಮುಷ್ಟಿ ಊರಿ, ಸುತ್ತಲಿನ ಕಣಗಳೆಲ್ಲ ನಡುಗಿ, ಆಕಾಶಕ್ಕೆ ಚಿಮ್ಮುತ್ತಾರಲ್ಲ, ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ಹೊಸ ಚಿತ್ರದಲ್ಲಿ ಹೊಸ ಸೂಪರ್‌ಮ್ಯಾನ್ ಡೇವಿಡ್ ಕೋರೆನ್ಸ್ವೆಟ್ ಅದೇ ಬಿಳಿ ಹಿಮಕ್ಕೆ ದೊಪ್ಪನೆ ಬಿದ್ದು, ರಕ್ತ ಕಾರಿ, ಸಿಳ್ಳೆ ಹಾಕಿ ನಾಯಿಯನ್ನು ಕರೆಯುತ್ತಾರೆ. ಆ ತುಂಟ ನಾಯಿಯೋ, ಮುರಿದ ಮೂಳೆಗಳ ಮೇಲೆಯೇ ಕುಣಿಯುತ್ತದೆ! ಹುಡುಗ ಬಿದ್ದು ಬಿದ್ದು ನಕ್ಕ, ನಾನೂ ನಕ್ಕೆ. ಒಂದು ದೇವರ ಕಥೆ, ಇನ್ನೊಂದು ಪಕ್ಕದ ಮನೆ ಹುಡುಗನದು. (ಖಳನ ಸಂಚು ಮಾತ್ರ ಸ್ವಲ್ಪ ಗೋಜಲು.)

ಕ್ಯಾವಿಲ್ ಚಿತ್ರದ ಡಿಸ್ಕ್ ನಿಮ್ಮ ಕಪಾಟಿನಲ್ಲೇ ಇರಲಿ, ಯಾರೂ ಕಸಿಯುವುದಿಲ್ಲ. ಹೊಸದನ್ನು ಮಕ್ಕಳ ಜೊತೆ ನೋಡಿ, ನಾಯಿ ಹೇಗನಿಸಿತು ತಿಳಿಸಿ.