ನಾದಿನಿ ನನ್ನ ಡಯಟ್ ಕೇಳ್ತಾಳೆ, ಆಪರೇಷನ್ ವಿಷಯ ಹೇಳ್ಲಾ ಬೇಡ್ವಾ?

ನನಗೆ 38 ವರ್ಷ. ವಿರಾಜಪೇಟೆ ಹತ್ರ ಹಳ್ಳಿ, ಕಾಫಿ ತೋಟದ ಮನೆ. ಏಳು ತಿಂಗಳ ಹಿಂದೆ ಮೈಸೂರಲ್ಲಿ ತೂಕ ಇಳಿಸೋ ಸ್ಲೀವ್ ಆಪರೇಷನ್ ಮಾಡಿಸ್ಕೊಂಡೆ. ಗಂಡ ಮತ್ತು ನನ್ನ ಅಮ್ಮ ಬಿಟ್ರೆ ಯಾರಿಗೂ ಗೊತ್ತಿಲ್ಲ, ಉಳಿದವರಿಗೆಲ್ಲ ಹರ್ನಿಯಾ ಅಂತ ಹೇಳಿದ್ವಿ. 118 ಕೆಜಿ ಇದ್ದವಳು 86ಕ್ಕೆ ಬಂದೆ, ಆದ್ರೆ ಐದು ವಾರದಿಂದ ತೂಕ ಅಲ್ಲೇ ನಿಂತಿದೆ, ಕೂದಲು ಮುಷ್ಟಿಗಟ್ಟಲೆ ಉದುರ್ತಿದೆ. ಮದುವೆ ಮನೇಲಿ ಕೇಳಿದವರಿಗೆ ವಾಕಿಂಗ್ ಮಾಡ್ದೆ, ಅನ್ನ ಬಿಟ್ಟೆ ಅಂತೀನಿ. ಅದನ್ನ ನಂಬ್ಕೊಂಡು ಶುಗರ್ ಇರೋ ನಾದಿನಿ ನಾನು ತಿನ್ನೋಷ್ಟೇ ತಿನ್ನೋಕೆ ಶುರು ಮಾಡಿ ಹೋದ ವಾರ ತಲೆಸುತ್ತಿ ಅಡುಗೆಮನೇಲಿ ಬಿದ್ಲು. ನಿಜ ಹೇಳಿದ್ರೆ ಶಾರ್ಟ್‌ಕಟ್ ಹೊಡೆದ್ಲು ಅಂತ ಇಡೀ ಒಕ್ಕ, ಅಂದ್ರೆ ಮನೆತನದವರೆಲ್ಲ ಆಡ್ಕೊಳ್ತಾರೆ. ಅತ್ತೆ ಬೇರೆ ದಿನಾ ಸೊರಗಿದ್ದೀಯ ಅಂತ ಕಣ್ಣೀರು ಹಾಕ್ತಾರೆ. ಏನ್ ಮಾಡ್ಲಿ?
– ಹೆಸರು ಬೇಡ

ನಾದಿನಿ ವಿಷಯದಿಂದಲೇ ಶುರು ಮಾಡ್ತೀನಿ, ಯಾಕಂದ್ರೆ ನಿಮ್ಮ ಕೂದಲು, ತೂಕ ಎರಡೂ ಕಾಯುತ್ತೆ, ಅವರ ಶುಗರ್ ಕಾಯಲ್ಲ.

ಸ್ಲೀವ್ ಅಂದ್ರೆ ಹೊಟ್ಟೆಯ ಹೆಚ್ಚುಕಮ್ಮಿ ಮುಕ್ಕಾಲು ಭಾಗಕ್ಕಿಂತ ಜಾಸ್ತಿನೇ ಕತ್ತರಿಸಿ ತೆಗೆದಿರ್ತಾರೆ, ಉಳಿಯೋದು ಬಾಳೆಕಾಯಿ ಥರದ ಒಂದು ಕೊಳವೆ. ತೆಗೆದ ಭಾಗದಲ್ಲೇ ಹಸಿವು ಹುಟ್ಟಿಸೋ ಗ್ರೆಲಿನ್ ಅನ್ನೋ ಹಾರ್ಮೋನು ಜಾಸ್ತಿ ತಯಾರಾಗ್ತಿದ್ದಿದ್ದು. ಅದಕ್ಕೇ ನಿಮಗೆ ಸಣ್ಣ ಬಟ್ಟಲು ಊಟಕ್ಕೆ ಹೊಟ್ಟೆ ತುಂಬುತ್ತೆ, ಹಸಿವೂ ಅಷ್ಟಾಗಿ ಕಾಡಲ್ಲ. ನಾದಿನಿ ಹೊಟ್ಟೆ ಪೂರ್ತಿ ಇದೆ, ಹಸಿವೂ ಪೂರ್ತಿ ಇದೆ, ಅವರು ಅದೇ ಬಟ್ಟಲು ತಿಂದು ಹಲ್ಲುಕಚ್ಚಿ ಕೂತಿರ್ತಾರೆ. ಅದರ ಮೇಲೆ ಶುಗರ್ ಮಾತ್ರೆ. ಗ್ಲಿಮೆಪಿರೈಡ್ ಥರದ ಮಾತ್ರೆನೋ ಇನ್ಸುಲಿನ್ನೋ ತಗೊಳ್ಳೋರು ಡೋಸ್ ಇಳಿಸದೆ ಊಟ ಮಾತ್ರ ಇಳಿಸಿದ್ರೆ ಶುಗರ್ ಧಡಕ್ಕನೆ ಕೆಳಗೆ ಹೋಗುತ್ತೆ, ಬೆವರು, ಕೈನಡುಕ, ತಲೆಸುತ್ತು, ಆಮೇಲೆ ಬೀಳೋದು. ಅವರು ಬಿದ್ದಿದ್ದು ಅದರಿಂದಲೇ ಅಂತ ಇಲ್ಲಿ ಕೂತು ನಾನು ಹೇಳೋಕಾಗಲ್ಲ, ಆದ್ರೆ ನನಗೆ ಮೊದಲ ಅನುಮಾನ ಬರೋದು ಅಲ್ಲೇ.

ಇವತ್ತೇ ನಾದಿನಿಗೆ ಫೋನ್ ಮಾಡಿ. ಊಟ ಕಮ್ಮಿ ಮಾಡಿದ್ರೆ ಮಾತ್ರೆ ಡೋಸನ್ನೂ ಡಾಕ್ಟರೇ ಕಮ್ಮಿ ಮಾಡ್ಬೇಕಾಗಬಹುದು, ಅವರನ್ನ ಕಾಣೋ ತನಕ ಮೊದಲಿನ ಹಾಗೇ ಹೊತ್ತಿಗೆ ಸರಿಯಾಗಿ ಊಟ ಮಾಡು ಅಂತ ಹೇಳಿ. ತಲೆಸುತ್ತು ಬಂದ್ರೆ ಮಿಷಿನ್ನಲ್ಲಿ ಶುಗರ್ ನೋಡ್ಕೊಬೇಕು, 70ಕ್ಕಿಂತ ಕೆಳಗಿದ್ರೆ ಮೂರು ಟೀ ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿದು ಕಾಲು ಗಂಟೆ ಬಿಟ್ಟು ಮತ್ತೆ ನೋಡ್ಬೇಕು. ಪ್ರಜ್ಞೆ ತಪ್ಪಿದ್ರೆ ಬಾಯಿಗೆ ಏನೂ ಹಾಕೋ ಹಾಗಿಲ್ಲ, ಸೀದಾ ಆಸ್ಪತ್ರೆ. ಇಷ್ಟು ಹೇಳೋಕೆ ನಿಮ್ಮ ಗುಟ್ಟು ಬಿಟ್ಕೊಡಬೇಕಾಗಿಲ್ಲ. ಆದ್ರೆ ಇಷ್ಟಕ್ಕೇ ನಿಲ್ಲಿಸಿದ್ರೆ ಅವರು ಎರಡು ವಾರ ಸುಮ್ನಿದ್ದು ಮತ್ತೆ ನಿಮ್ಮ ತಟ್ಟೆ ನೋಡಿ ಅದನ್ನೇ ಶುರು ಮಾಡ್ತಾರೆ, ಅದಕ್ಕೇ ನಾದಿನಿಗೆ ನಿಜ ಹೇಳ್ಲೇಬೇಕು ಅನ್ನೋದು ನನ್ನ ಅಭಿಪ್ರಾಯ.

ಫೋನಲ್ಲಿ ಬೇಡ, ಮದುವೆ ಮನೇಲಂತೂ ಬೇಡವೇ ಬೇಡ. ಮನೆಗೆ ಕರೆದು, ತೋಟದ ಕಡೆ ಇಬ್ರೇ ಹೋಗಿ ಹೇಳಿ. ಪೀಠಿಕೆ ಹಾಕ್ಬೇಡಿ. "ನನಗಾಗಿದ್ದು ಹರ್ನಿಯಾ ಅಲ್ಲ, ಹೊಟ್ಟೆ ಚಿಕ್ಕದು ಮಾಡಿಸ್ಕೊಂಡೆ, ನಾಚಿಕೆಯಾಗಿ ಹೇಳ್ಲಿಲ್ಲ, ನೀನು ಬಿದ್ದ ಮೇಲೆ ನನಗೆ ನಿದ್ದೆ ಬರ್ತಿಲ್ಲ" ಅಂದ್ರೆ ಸಾಕು. ಅವರಿಗೆ ಸಿಟ್ಟು ಬರುತ್ತೆ, ಬರಲಿ, ಇಷ್ಟು ದಿನ ಹಸಿದುಕೊಂಡು ನನ್ನಲ್ಲೇ ಏನೋ ಕೊರತೆ ಅಂದ್ಕೊಂಡಿದ್ದವರಿಗೆ ಸಿಟ್ಟು ಬರದೆ ಇನ್ನೇನು, ಒಂದೆರಡು ವಾರ ಮಾತು ಬಿಟ್ರೂ ತಡ್ಕೊಳ್ಳಿ. ಯಾರಿಗೂ ಹೇಳ್ಬೇಡ ಅಂತ ಕೇಳ್ಕೊಳ್ಳಿ, ಆದ್ರೆ ಅದನ್ನೇ ನಂಬ್ಕೊಂಡು ಕೂರ್ಬೇಡಿ. ನಮ್ಮ ಕೊಡಗು ಜಿಲ್ಲೆ ಎಷ್ಟಗಲ ಅಂತ ನಿಮಗೇ ಗೊತ್ತು, ವಿರಾಜಪೇಟೇಲಿ ಬೆಳಿಗ್ಗೆ ಆಡಿದ ಮಾತು ಮಧ್ಯಾಹ್ನದ ಬಸ್ಸಿಗೆ ಮೊದಲೇ ಗೋಣಿಕೊಪ್ಪ ತಲುಪಿರುತ್ತೆ.

ಹಾಗಾಗಿ ನಾದಿನಿಗೆ ಹೇಳೋ ದಿನವೇ ಅತ್ತೆಗೂ ಗೊತ್ತಾಗ್ಬೇಕು, ಅದನ್ನ ಹೇಳೋದು ನಿಮ್ಮ ಗಂಡನ ಕೆಲಸ. ನಿಮ್ಮ ಪತ್ರದಲ್ಲಿ ಅವರು ಒಂದೇ ಒಂದು ಸಲ ಬಂದು ಹೋಗ್ತಾರೆ. ಹರ್ನಿಯಾ ಅಂತ "ಹೇಳಿದ್ವಿ" ಅಂತ ಬರೆದಿದ್ದೀರಿ, ಸುಳ್ಳು ಇಬ್ಬರದ್ದೂ ಆದ್ಮೇಲೆ ಅದರ ಭಾರ ನೀವೊಬ್ರೇ ಯಾಕೆ ಹೊರ್ಬೇಕು. ಅವರಮ್ಮನಿಗೆ ಅವರೇ ಕೂರಿಸ್ಕೊಂಡು ಹೇಳಲಿ. ಅತ್ತೆ ಅಳ್ತಿರೋದು ಸೊಸೆಗೆ ಏನೋ ದೊಡ್ಡ ಕಾಯಿಲೆ ಬಂದಿದೆ, ನನ್ನಿಂದ ಮುಚ್ಚಿಡ್ತಿದ್ದಾರೆ ಅನ್ನೋ ಹೆದರಿಕೆಗೆ ಅಂತ ನನಗನ್ಸುತ್ತೆ, ಏಳು ತಿಂಗಳಲ್ಲಿ 32 ಕೆಜಿ ಕರಗಿದ ಮುಖ ನೋಡಿದ್ರೆ ಯಾರಿಗಾದ್ರೂ ಹಾಗೇ ಅನ್ಸುತ್ತೆ. ಗೊತ್ತಾದ ಮೇಲೆ ಅವರಿಗೇ ಒಂದು ಕೆಲಸ ಕೊಡಿ, ದಿನಾ ಒಂದು ಹೊತ್ತು ಕೋಳಿನೋ ಮೀನೋ ಮೊಟ್ಟೆನೋ ನಿಮಗೆ ಬೇಕಾದ ಹಾಗೆ ಮಾಡ್ಕೊಡೋದು. ಬಡಿಸೋಕೆ ಒಂದು ದಾರಿ ಸಿಕ್ರೆ ಅಳು ಅರ್ಧ ಕಮ್ಮಿ ಆಗುತ್ತೆ.

ಇನ್ನು ಮದುವೆ ಮನೇಲಿ ಸೀರೆ ಸೆರಗು ಹಿಡ್ಕೊಂಡು ಏನ್ ಮಾಡ್ದೆ ಅಂತ ಕೇಳೋ ಚಿಕ್ಕಮ್ಮ ದೊಡ್ಡಮ್ಮಂದಿರು. ಇವರಿಗೆ ನೀವು ಏನೂ ಹೇಳ್ಬೇಕಾಗಿಲ್ಲ, ನಿಮ್ಮ ಹೊಟ್ಟೆ ನಿಮ್ಮದು. "ಡಾಕ್ಟರ್ ಹತ್ರ ತೋರಿಸ್ತಿದ್ದೀನಿ, ಅವರು ಹೇಳಿದ ಹಾಗೆ ನಡ್ಕೊಳ್ತಿದ್ದೀನಿ" ಅನ್ನಿ, ಅದು ಸುಳ್ಳೂ ಅಲ್ಲ. ಆದ್ರೆ ವಾಕಿಂಗ್, ಅನ್ನ ಬಿಟ್ಟೆ ಅನ್ನೋ ಕಥೆ ಮಾತ್ರ ಇವತ್ತಿಗೇ ನಿಲ್ಲಿಸಿ. ಅದನ್ನ ಕೇಳಿಸ್ಕೊಂಡು ಮನೆಗೆ ಹೋಗಿ ಮೂರು ತಿಂಗಳು ಅನ್ನ ಬಿಟ್ಟು ಎರಡೇ ಕೆಜಿ ಇಳಿದ ಇನ್ನೊಬ್ಬ ಹೆಂಗಸು ತನ್ನನ್ನೇ ಸೋಮಾರಿ ಅಂತ ಬೈಕೊಳ್ತಿರ್ತಾಳೆ, ಇದು ನನಗೆ ನಿಜವಾಗಿ ಬೇಜಾರು ತರೋ ವಿಷಯ.

ಶಾರ್ಟ್‌ಕಟ್ ಅನ್ನೋರಿಗೆ ನಾನೇ ಉತ್ತರ ಕೊಡ್ತೀನಿ. ಎರಡು ವಾರ ಬರೀ ನೀರಾಹಾರ, ಆಮೇಲೆ ರುಬ್ಬಿದ್ದು, ಆಮೇಲೆ ಮೆತ್ತಗಿದ್ದು, ಜೀವನಪೂರ್ತಿ ವಿಟಮಿನ್ ಮಾತ್ರೆ, ವರ್ಷ ವರ್ಷ ರಕ್ತ ಪರೀಕ್ಷೆ. ಇಷ್ಟುದ್ದದ ಶಾರ್ಟ್‌ಕಟ್ ನಾನು ಬೇರೆ ಎಲ್ಲೂ ನೋಡಿಲ್ಲ.

ಗುಟ್ಟಿನ ವಿಷಯದಲ್ಲಿ ಇನ್ನೊಂದು ಕೇಳ್ಬೇಕು. ಊರಿನ ಕ್ಲಿನಿಕ್ಕಲ್ಲೂ ಹರ್ನಿಯಾ ಅಂತಲೇ ಹೇಳಿದ್ದೀರಾ? ಹೇಳಿದ್ರೆ ನಾಳೆನೇ ಸರಿ ಮಾಡಿ. ಮಂಡಿನೋವು ಅಂತ ಹೋದಾಗ ಡೈಕ್ಲೋಫೆನಾಕ್, ಐಬುಪ್ರೊಫೆನ್ ಥರದ್ದು ಬರ್ಕೊಟ್ಟುಬಿಟ್ರೆ ಆ ಚಿಕ್ಕ ಹೊಟ್ಟೇಲಿ ಹುಣ್ಣಾಗೋ ಅಪಾಯ ಇದೆ, ಮೆಡಿಕಲ್ ಶಾಪಲ್ಲಿ ನೀವಾಗೇ ಕೇಳಿ ತಗೊಳ್ಳೋದಂತೂ ಬೇಡ. ಎರಡು ದಿನಕ್ಕಿಂತ ಜಾಸ್ತಿ ವಾಂತಿ ನಿಲ್ಲದಿದ್ರೆ ಬಿ1 ವಿಟಮಿನ್ ಕುಸಿದು ನರಕ್ಕೆ, ಮೆದುಳಿಗೆ ಪೆಟ್ಟಾಗಬಹುದು, ಊಟ ಆದ್ಮೇಲೆ ಬಲಗಡೆ ಪಕ್ಕೆ ಕೆಳಗೆ ಜೋರು ನೋವು ಬಂದ್ರೆ ಪಿತ್ತಕೋಶದಲ್ಲಿ ಕಲ್ಲಿರಬಹುದು, ಬೇಗ ತೂಕ ಇಳಿದವರಿಗೆ ಅದು ಆಗೋದುಂಟು. ಮೈಸೂರು ನಮ್ಮಿಂದ ನೂರು ಕಿಲೋಮೀಟರ್ ಮೇಲೆ, ನಮಗೆ ರೈಲು ಬೇರೆ ಇಲ್ಲ, ಜುಲೈ ತಿಂಗಳ ರಾತ್ರಿ ರಸ್ತೆಗೆ ಮರ ಬಿದ್ದಿದ್ರೆ ನಿಮ್ಮನ್ನ ನೋಡೋದು ವಿರಾಜಪೇಟೆಯಲ್ಲೋ ಮಡಿಕೇರಿಯಲ್ಲೋ ಡ್ಯೂಟೀಲಿರೋ ಡಾಕ್ಟರೇ. ಡಿಸ್ಚಾರ್ಜ್ ಸಮ್ಮರಿ ಫೋಟೋ ತೆಗೆದು ನಿಮ್ಮ ಫೋನಲ್ಲೂ ಗಂಡನ ಫೋನಲ್ಲೂ ಇಟ್ಟಿರಿ.

ಈಗ ನಿಂತ ತೂಕ. ಮೊದಲ ಆರು ತಿಂಗಳು ಸರಸರ ಇಳಿಯುತ್ತೆ, ಆಮೇಲೆ ನಿಧಾನ ಆಗ್ತಾ ಒಂದು, ಒಂದೂವರೆ ವರ್ಷದ ತನಕ ಇಳೀತಾ ಇರುತ್ತೆ, ನಡುವೆ ವಾರಗಟ್ಟಲೆ ನಿಲ್ಲೋದು ಮಾಮೂಲಿ. 118 ಕೆಜಿ ಮೈ ಹೊತ್ಕೊಂಡು ಓಡಾಡೋಕೆ ಬೇಕಾಗಿದ್ದ ಶಕ್ತಿ 86ಕ್ಕೆ ಬೇಡವಲ್ಲ, ಮೈಯೂ ಖರ್ಚು ಕಮ್ಮಿ ಮಾಡ್ಕೊಳ್ಳುತ್ತೆ. ದಿನಾ ತೂಕ ನೋಡೋದು ಬಿಟ್ಟು ವಾರಕ್ಕೊಂದ್ಸಲ ನೋಡಿ, ಸೊಂಟಕ್ಕೆ ಟೇಪ್ ಹಿಡೀರಿ. ನಿಂತಿದೆ ಅಂತ ಹೆದರಿ ಊಟ ಇನ್ನೂ ಕಮ್ಮಿ ಮಾಡಿದ್ರೆ ಮಾಂಸಖಂಡ ಕರಗುತ್ತೆ, ಕೂದಲೂ ಇನ್ನಷ್ಟು ಉದುರುತ್ತೆ.

ಆದ್ರೂ ಒಂದು ವಾರ ಬಾಯಿಗೆ ಹೋಗಿದ್ದೆಲ್ಲ ಬರೆದಿಟ್ಟು ನೋಡಿ, ಗ್ಲಾಸಲ್ಲಿ ಕುಡಿದಿದ್ದನ್ನೂ ಸೇರಿಸಿ. ಸ್ಲೀವ್ ಆದವರಿಗೆ ಕೋಳಿ ತುಂಡು ಎರಡಕ್ಕೇ ಹೊಟ್ಟೆ ತುಂಬುತ್ತೆ, ಆದ್ರೆ ಬೆಲ್ಲದ ಕಾಫಿ, ಬಿಸ್ಕೆಟ್, ಮಿಕ್ಸ್ಚರ್, ಪಾಯಸ ಇವೆಲ್ಲ ಗೊತ್ತೇ ಆಗದ ಹಾಗೆ ಜಾರಿ ಹೋಗುತ್ತೆ. ತೋಟದ ಮನೇಲಿ ಬಂದವರಿಗೆಲ್ಲ ಕಾಫಿ, ಅವರ ಜೊತೆ ನಿಮಗೂ ಅರ್ಧ ಗ್ಲಾಸು, ಸಂಜೆಗೆ ಲೆಕ್ಕ ಹಾಕಿದ್ರೆ ಬೆಲ್ಲ ಎಷ್ಟು ಹೋಯ್ತು ಗೊತ್ತಾಗುತ್ತೆ. ಪ್ರೋಟೀನ್ ದಿನಕ್ಕೆ 60ರಿಂದ 80 ಗ್ರಾಂ ಬೇಕು, ಒಂದು ಮೊಟ್ಟೇಲಿ ಸಿಗೋದೇ 6 ಗ್ರಾಂ, ಹಾಗಾಗಿ ತಟ್ಟೇಲಿ ಮೊದಲ ತುತ್ತು ಮಾಂಸವೋ ಮೀನೋ ಮೊಟ್ಟೆನೋ ಬೇಳೆನೋ ಆಗಿರ್ಲಿ. ಪಂದಿ ಕರಿ ಜನ್ಮಕ್ಕೆ ಬಿಡಿ ಅಂತ ನಾನು ಹೇಳಲ್ಲ, ಹೇಳಿದ್ರೂ ನೀವು ಕೇಳಲ್ಲ, ಕೊಬ್ಬಿಲ್ಲದ ಎರಡು ತುಂಡು ಆರಿಸ್ಕೊಂಡು ಚೆನ್ನಾಗಿ ಅಗಿದು ತಿನ್ನಿ, ಜಾಗ ಉಳಿದ್ರೆ ಕೊನೆಗೆ ಅರ್ಧ ಕಡಂಬುಟ್ಟು, ಅದೇ ಅಕ್ಕಿ ತರಿ ಉಂಡೆ. ಪುತ್ತರಿ ಸುಗ್ಗಿ ಹಬ್ಬದ ತಂಬಿಟ್ಟೂ ಹಾಗೇ, ಊಟ ಆದ್ಮೇಲೆ ಒಂದು ಚಮಚ. ನೀರು ಊಟದ ಜೊತೆ ಬೇಡ, ಅರ್ಧ ಗಂಟೆ ಬಿಟ್ಟು ಗುಟುಕು ಗುಟುಕಾಗಿ.

ಕೂದಲು ಮೂರನೇ ತಿಂಗಳ ಸುಮಾರಿಗೆ ಉದುರೋಕೆ ಶುರುವಾಗಿ ಕೆಲವು ತಿಂಗಳು ಉದುರಿ ಆಮೇಲೆ ನಿಲ್ಲುತ್ತೆ, ಬೇರು ಸತ್ತಿರಲ್ಲ, ಮತ್ತೆ ಬರುತ್ತೆ. ಎಣ್ಣೆಗೆ ಸಾವಿರಗಟ್ಟಲೆ ಸುರೀಬೇಡಿ. ಐರನ್ ಮಾತ್ರೆ ಕಾಫಿ ಜೊತೆ ನುಂಗ್ತಿಲ್ಲ ತಾನೇ? ಕಾಫಿ ಐರನ್ನನ್ನ ಮೈಗೆ ಹತ್ತೋಕೆ ಬಿಡಲ್ಲ, ನಮ್ಮಲ್ಲಿ ಊಟ ಮುಗಿದ ಕೂಡಲೇ ಕಾಫಿ ಬೇರೆ, ಎರಡಕ್ಕೂ ಒಂದೆರಡು ಗಂಟೆ ಅಂತರ ಇಡಿ. ಕ್ಯಾಲ್ಸಿಯಂ ಮಾತ್ರೆಗೂ ಐರನ್ನಿಗೂ ಎರಡು ಗಂಟೆ ಅಂತರ ಬೇಕು. ಆರು ತಿಂಗಳ ರಕ್ತ ಪರೀಕ್ಷೆ ಆಗಿಲ್ಲ ಅಂದ್ರೆ ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿ ಐರನ್ ದಾಸ್ತಾನು ಎಷ್ಟಿದೆ ಅನ್ನೋದು), ಬಿ12, ವಿಟಮಿನ್ ಡಿ ಇಷ್ಟನ್ನಾದ್ರೂ ಕೇಳಿ ಮಾಡಿಸಿ.

ಮದುವೆ ಮನೆಯ ಗ್ಲಾಸಿನ ಬಗ್ಗೆ ನೀವು ಕೇಳಿಲ್ಲ, ಆದ್ರೆ ನಮ್ಮ ಕಡೆ ಮದುವೆ ಅಂದ್ಮೇಲೆ ಅದು ಕೈಗೆ ಬಂದೇ ಬರುತ್ತೆ. ಒಂದು ವರ್ಷ ಮುಟ್ಟಲೇಬೇಡಿ. ಈ ಹೊಟ್ಟೇಲಿ ಮದ್ಯ ಬೇಗ ರಕ್ತಕ್ಕೆ ಏರುತ್ತೆ, ಮೊದಲು ಎರಡು ಪೆಗ್ಗಿಗೆ ಏನೂ ಆಗ್ತಿರ್ಲಿಲ್ಲ ಅನ್ನೋ ಲೆಕ್ಕ ಈಗ ನಡೆಯಲ್ಲ, ಊಟದ ಮೇಲಿದ್ದ ಚಪಲ ನಿಧಾನವಾಗಿ ಕುಡಿತಕ್ಕೆ ತಿರುಗಿದವರೂ ಇದ್ದಾರೆ. "ಮಾತ್ರೆ ನಡೀತಿದೆ" ಅಂದ್ರೆ ಯಾರೂ ಒತ್ತಾಯ ಮಾಡಲ್ಲ. ಹಾಗೇ ಮಗು ಆಗೋ ಯೋಚನೆ ಇದ್ರೆ ಆಪರೇಷನ್ ಆಗಿ ಒಂದರಿಂದ ಒಂದೂವರೆ ವರ್ಷ ಕಾಯಿರಿ, ತೂಕ ಇಳಿದ ಮೇಲೆ ಗರ್ಭ ನಿಲ್ಲೋದು ಸುಲಭ ಆಗುತ್ತೆ, ಬೇಡ ಅಂದ್ರೆ ಜಾಗ್ರತೆ ಇರ್ಲಿ.

ಮುಂದಿನ ಸಲ ಮೈಸೂರಿಗೆ ಚೆಕಪ್‌ಗೆ ಹೋಗುವಾಗ ನಾದಿನಿ ಸಿಟ್ಟು ಇಳಿದಿದ್ರೆ ಅವರನ್ನೂ ಕಾರಲ್ಲಿ ಕೂರಿಸ್ಕೊಂಡು ಹೋಗಿ. ನೀನೂ ಆಪರೇಷನ್ ಮಾಡಿಸ್ಕೋ ಅಂತ ನೀವು ಬಾಯಿ ಬಿಡ್ಬೇಡಿ, ಬೇಕೋ ಬೇಡ್ವೋ ಅವರ ತೂಕ, ಶುಗರ್ ನೋಡಿ ಡಾಕ್ಟರ್ ಹೇಳ್ತಾರೆ, ಅವರಿಗೆ ಹೊಂದೋ ಊಟದ ಪಟ್ಟಿ ಡಯಟಿಷಿಯನ್ ಹತ್ರ ಬೇರೆಯಾಗಿ ಬರೆಸ್ಕೊಳ್ಳಲಿ. ಹೊರಡೋ ಮುಂಚೆ ಶುಗರ್ ಮಾತ್ರೆ ಚೀಟಿನೂ ಮೂರು ತಿಂಗಳ ಶುಗರ್ ರಿಪೋರ್ಟೂ ಬ್ಯಾಗಿಗೆ ಹಾಕ್ಕೊಂಡ್ರಾ ಅಂತ ಕೇಳಿ.