ಮನೆಗೂ ಶೆಡ್ಡಿಗೂ ಒಂದೇ ನೆಟ್‌ವರ್ಕ್ ಆಗುತ್ತಾ?

ಪ್ರಶ್ನೆ: ಸರ್, ತಿಕೋಟಾ ಹತ್ತಿರ ನಮ್ಮ ಮನೆ. ಅಲ್ಲಿಂದ ಸುಮಾರು 700 ಮೀಟರ್ ಆಚೆ ಹೊಲದಲ್ಲಿ ಒಣದ್ರಾಕ್ಷಿ ಶೆಡ್ ಇದೆ. ಶೆಡ್ಡಿನ ಕ್ಯಾಮೆರಾ, ರೆಕಾರ್ಡರ್, ಬಿಲ್ ಮಾಡುವ ಕಂಪ್ಯೂಟರ್ ಎಲ್ಲ ಅಲ್ಲಿಯ ರೂಟರ್‌ಗೆ ಕೇಬಲ್‌ನಲ್ಲೇ ಸೇರಿವೆ. ಇಂಟರ್ನೆಟ್ ಇರುವುದು ಮನೆಯ ರೂಟರ್‌ನಲ್ಲಿ. ನಡುವೆ ಬೇರೆಯವರ ಹೊಲ, ಕೇಬಲ್ ಹೂಳೋಕೆ ಬಿಡುತ್ತಿಲ್ಲ. ಅಂಗಡಿಯವರು ರೇಂಜ್ ಎಕ್ಸ್‌ಟೆಂಡರ್ ಹಾಕಿ ಅಂತಾರೆ. ಹಾಕಲಾ?
– ಓದುಗರು, ವಿಜಯಪುರ ಜಿಲ್ಲೆ

ಉತ್ತರ: ಬೇಡ. ಎಕ್ಸ್‌ಟೆಂಡರ್ ಇರುವುದು ಮನೆಯೊಳಗೆ ಮೊಬೈಲಿಗೆ ಸಿಗ್ನಲ್ ಮುಟ್ಟಿಸೋಕೆ. ನಿಮಗೆ ಬೇಕಿರುವುದು ವೈರ್‌ಲೆಸ್ ಬ್ರಿಡ್ಜ್, ಅಂದರೆ ಒಂದಕ್ಕೊಂದು ಮುಖಮಾಡಿ ಕೂರಿಸುವ 5 ಗಿಗಾಹರ್ಟ್ಸ್‌ನ ಎರಡು ಹೊರಾಂಗಣ ಆಂಟೆನಾ. ಹೂಳಲು ಬಿಟ್ಟಿದ್ದರೂ ಮಾಮೂಲಿ ಲ್ಯಾನ್ ಕೇಬಲ್‌ನ ಮಿತಿ 100 ಮೀಟರ್, ಫೈಬರ್ರೇ ಎಳೆಯಬೇಕಾಗುತ್ತಿತ್ತು. ಲೈಸೆನ್ಸ್ ಚಿಂತೆ ಬೇಡ. 2018ರ ಕೇಂದ್ರದ ಅಧಿಸೂಚನೆಯಂತೆ 5725ರಿಂದ 5875 ಮೆಗಾಹರ್ಟ್ಸ್ ತನಕ ಪವರ್ ಮಿತಿಯೊಳಗೆ ಯಾರು ಬೇಕಾದರೂ ಬಳಸಬಹುದು. ಸೆಟ್ಟಿಂಗ್‌ನಲ್ಲಿ ದೇಶ ಭಾರತ ಅಂತ ಇಡಿ, ಅಷ್ಟೇ.

ಆಂಟೆನಾಗಳು ಒಂದಕ್ಕೊಂದು ಕಂಡರೆ ಸಾಕು ಅಂದುಕೊಳ್ಳಬೇಡಿ. ನಿಮ್ಮ ದೂರಕ್ಕೆ ನಡುದಾರಿಯಲ್ಲಿ ಆ ನೇರ ಗೆರೆಯ ಸುತ್ತ ಸುಮಾರು 3 ಮೀಟರ್ ಖಾಲಿ ಇರಬೇಕು, ತೀರಾ ಕಡಿಮೆ ಅಂದ್ರೂ 2 ಮೀಟರ್. ದ್ರಾಕ್ಷಿ ಚಪ್ಪರದ ಮೇಲೆ ಇಷ್ಟು ಸಿಗಬೇಕಾದರೆ ಎರಡೂ ಕಡೆ ಪೈಪು ಎತ್ತರಕ್ಕೇ ನಿಲ್ಲಿಸಬೇಕು. ಬದುವಿನಲ್ಲಿ ಬೇವಿನ ಮರ ಅಡ್ಡ ಇದ್ದರೆ ಜಾಗ ಬದಲಿಸಿ, ಯಾಕಂದ್ರೆ ಹಸಿ ಎಲೆ ಈ ಅಲೆಗಳನ್ನು ಚೆನ್ನಾಗಿಯೇ ನುಂಗುತ್ತದೆ. ಬೇಸಿಗೆಯಲ್ಲಿ ಪಕ್ಕದ ಹೊಲ ಖಾಲಿ ಇದ್ದಾಗ ಕಟ್ಟಿದ್ದು ಅಲ್ಲಿ ಕಬ್ಬು ಎದ್ದಮೇಲೆ ನಿಂತುಹೋಗಬಹುದು. ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಮಳೆಯ ಭಯ ಬೇಡ, ಇಷ್ಟು ದೂರಕ್ಕೆ ಅದರಿಂದ ಆಗುವ ನಷ್ಟ ತೀರಾ ಕಡಿಮೆ.

ಈಗ ಸೆಟ್ಟಿಂಗ್. ಒಂದು ಸಾಧನ ಆ್ಯಕ್ಸೆಸ್ ಪಾಯಿಂಟ್ (ಸಂಪರ್ಕ ಕೊಡುವುದು), ಇನ್ನೊಂದು ಸ್ಟೇಷನ್ (ಅದಕ್ಕೆ ಸೇರಿಕೊಳ್ಳುವುದು), ಎರಡರಲ್ಲೂ ಬ್ರಿಡ್ಜ್ ಮೋಡ್. ಡಬ್ಲ್ಯುಡಿಎಸ್ ಅನ್ನುವ ಆಯ್ಕೆ ಇದ್ದರೆ ಎರಡೂ ಕಡೆ ಆನ್ ಮಾಡಿ. ಮಾಮೂಲಿ ವೈಫೈನಲ್ಲಿ ಸ್ಟೇಷನ್ ತನ್ನ ಮ್ಯಾಕ್ ವಿಳಾಸವನ್ನು, ಅಂದರೆ ಸಾಧನದ ಗುರುತಿನ ಸಂಖ್ಯೆಯನ್ನು ಮಾತ್ರ ಹೇಳುತ್ತದೆ, ಅದರ ಹಿಂದೆ ಕೇಬಲ್‌ನಲ್ಲಿರುವ ರೆಕಾರ್ಡರ್, ಕಂಪ್ಯೂಟರ್‌ಗಳದ್ದು ಆಚೆ ಹೋಗುವುದಿಲ್ಲ. ಡಬ್ಲ್ಯುಡಿಎಸ್‌ನಲ್ಲಿ ಅದಕ್ಕೂ ಜಾಗ ಇರುತ್ತದೆ.

ನಾನು ಒತ್ತಿ ಹೇಳುವುದು ಮುಂದಿನದ್ದನ್ನು. ಸಿಗ್ನಲ್ ಚೆನ್ನಾಗಿದ್ದೂ ಕೆಲಸ ನಡೆಯದಿದ್ದರೆ ಮೊದಲು ಐಪಿ ವಿಳಾಸ, ಅಂದರೆ ನೆಟ್‌ವರ್ಕ್‌ನಲ್ಲಿ ಪ್ರತಿ ಸಾಧನಕ್ಕಿರುವ ನಂಬರ್ ನೋಡಿ. ನಿಮ್ಮ ಎರಡೂ ರೂಟರ್ 192.168.1.1ರಲ್ಲೇ ಇರಬಹುದು, ಎರಡೂ ವಿಳಾಸ ಹಂಚುತ್ತಲೂ ಇರಬಹುದು. ಬ್ರಿಡ್ಜ್ ಆದಮೇಲೆ ಅದು ಒಂದೇ ನೆಟ್‌ವರ್ಕ್, ಇಬ್ಬರು ಹಂಚಿದರೆ ಜಗಳವೇ. ಶೆಡ್ಡಿನ ರೂಟರ್‌ನಲ್ಲಿ ವಿಳಾಸ ಹಂಚುವ ಡಿಎಚ್‌ಸಿಪಿ ಆಫ್ ಮಾಡಿ, ಅದರ ವಿಳಾಸ 192.168.1.2 ಮಾಡಿ, ಬ್ರಿಡ್ಜ್‌ನ ಕೇಬಲ್ಲನ್ನು ವ್ಯಾನ್ (WAN, ಹೊರಗಿನ ಇಂಟರ್ನೆಟ್‌ಗೆ ಇರುವ) ಪೋರ್ಟ್ ಬಿಟ್ಟು ಲ್ಯಾನ್ (LAN) ಪೋರ್ಟಿಗೆ ಚುಚ್ಚಿ. ಆಂಟೆನಾ ಎರಡಕ್ಕೂ ಖಾಯಂ ವಿಳಾಸ ಕೊಟ್ಟು ಬರೆದಿಟ್ಟುಕೊಳ್ಳಿ. ರೆಕಾರ್ಡರ್‌ಗೆ ಕೈಯಾರೆ ಕೊಟ್ಟ ಹಳೇ ವಿಳಾಸ ಇದ್ದರೆ ಅದು ಬೇರೆ ಯಾವುದಕ್ಕೂ ತಾಗದ ಹಾಗೆ ನೋಡಿ.

ಪ್ರಶ್ನೆ: ಹೋದ ಸಲ ಗುಡುಗು ಮಿಂಚಿಗೆ ನಮ್ಮ ಬ್ರಿಡ್ಜ್ ಜೊತೆ ಸ್ವಿಚ್ಚೂ ಸುಟ್ಟಿತು. ಏನು ಮಾಡಬೇಕು?
– ಓದುಗರು, ಮುಧೋಳ

ಉತ್ತರ: ಹೊರಗಿನ ಕೇಬಲ್ ಶೀಲ್ಡ್ (ಒಳಗೆ ಲೋಹದ ಹೊದಿಕೆ) ಇರುವುದೇ ಹಾಕಿ. ಅದರ ಎರಡೂ ತುದಿಗೆ ದಿಢೀರ್ ಏರುವ ವೋಲ್ಟೇಜನ್ನು ನೆಲಕ್ಕಿಳಿಸುವ ಸರ್ಜ್ ಪ್ರೊಟೆಕ್ಟರ್ ಬೇಕು, ಪೈಪಿಗೂ ಪ್ರೊಟೆಕ್ಟರ್‌ಗೂ ಸರಿಯಾದ ಅರ್ಥಿಂಗ್ ಬೇಕು, ಅರ್ಥಿಂಗ್ ಇಲ್ಲದ ಪ್ರೊಟೆಕ್ಟರ್ ಸುಮ್ನೆ ದಂಡ. ಆದರೂ ನೇರ ಸಿಡಿಲು ಬಡಿದರೆ ಇದ್ಯಾವುದೂ ತಡೆಯುವುದಿಲ್ಲ. ಹೊಸ ಸಾಧನಕ್ಕೆ ಹಳೇ ಅಡಾಪ್ಟರ್ ಹಾಕುವ ಮುನ್ನ 24 ವೋಲ್ಟೋ 48 ವೋಲ್ಟೋ ಓದಿಕೊಳ್ಳಿ.