ಕೈಯಾರೆ ಕಟ್ಟುವ ತೆರಿಗೆ

ದಾವಣಗೆರೆಯಿಂದ ಡಲ್ಲಾಸ್‌ಗೆ ಬಂದು ಮೂರು ತಿಂಗಳಾಯಿತೆಂದು ಬರೆದಿದ್ದೀರಿ. ಮೊದಲ ಸಂಬಳದ ಚೀಟಿಯಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಕೈಗೆ ಬರುವ ಮೊದಲೇ ಹೋಗಿದ್ದನ್ನು ಕಂಡು ಗಾಬರಿಯಾಗಿದ್ದೀರಿ. ಟೆಕ್ಸಸ್‌ನಲ್ಲಿ ತೆರಿಗೆಯೇ ಇಲ್ಲ ಎಂದವರ ಮಾತು ಸುಳ್ಳೇ, ಇಷ್ಟು ಕೊಟ್ಟ ಮೇಲೂ ಆಸ್ಪತ್ರೆಗೆ ಬೇರೆ ದುಡ್ಡೇಕೆ, ಕ್ಯಾಲಿಫೋರ್ನಿಯಾದ ಕಂಪನಿಯೊಂದು ಕರೆಯುತ್ತಿದೆ, ಹೋಗಲೇ ಎಂದು ಕೇಳಿದ್ದೀರಿ. ನಾನು ಈ ದೇಶಕ್ಕೆ ಬಂದು ಇಪ್ಪತ್ತನಾಲ್ಕು ವರ್ಷಗಳಾದವು. ಅದರಲ್ಲಿ ಹತ್ತೊಂಬತ್ತು ಡಲ್ಲಾಸ್‌ನ ಉತ್ತರಕ್ಕಿರುವ ಊರೊಂದರಲ್ಲಿ ಕಳೆದಿವೆ. ಸರ್ಕಾರ ಚಿಕ್ಕದಿರಬೇಕು, ತನ್ನ ಗಳಿಕೆಯೊಳಗೆ ಬದುಕಬೇಕು ಎನ್ನುವವರ ಪೈಕಿ ನಾನು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಬಂದ ಹೊಸತರಲ್ಲಿ ಹಾಗಿರಲಿಲ್ಲ. ಇಲ್ಲಿ ಮನೆ ಕೊಂಡ ಮೇಲೆ ಹಾಗಾದೆ. ಅದು ಹೇಗೆಂಬುದನ್ನು ಹೇಳಿದರೆ ನಿಮ್ಮ ಪ್ರಶ್ನೆಗೂ ಉತ್ತರ ಸಿಕ್ಕೀತು.

ನಿಮ್ಮ ಚೀಟಿಯಲ್ಲಿ ಕಡಿತವಾದ ಹಣದಲ್ಲಿ ಟೆಕ್ಸಸ್ ರಾಜ್ಯಕ್ಕೆ ಹೋದದ್ದು ಒಂದು ಸೆಂಟೂ ಇಲ್ಲ. ದೊಡ್ಡ ಪಾಲು ಒಕ್ಕೂಟ ಸರ್ಕಾರದ ಆದಾಯ ತೆರಿಗೆ. ಅದಲ್ಲದೆ ಸಂಬಳದ ಶೇಕಡ 6.2 ಸೋಶಿಯಲ್ ಸೆಕ್ಯುರಿಟಿಗೆ, 1.45 ಮೆಡಿಕೇರ್‌ಗೆ ಹೋಗುತ್ತದೆ. ಅಷ್ಟನ್ನೇ ನಿಮ್ಮ ಕಂಪನಿಯೂ ಕಟ್ಟುತ್ತದೆ. ಮೊದಲನೆಯದು ನಿವೃತ್ತರ ಪಿಂಚಣಿ, ಎರಡನೆಯದು ಮುಖ್ಯವಾಗಿ ಅರವತ್ತೈದು ದಾಟಿದವರ ವೈದ್ಯಕೀಯ ವೆಚ್ಚ. ಆದ್ದರಿಂದ ಮೂವತ್ತರ ನಿಮಗೆ ಅದರಿಂದ ಆಸ್ಪತ್ರೆಯ ಸೌಕರ್ಯ ಸಿಗದಿರುವುದರಲ್ಲಿ ಆಶ್ಚರ್ಯವಿಲ್ಲ. ನಿಮಗಿರುವುದು ಕಂಪನಿ ಕೊಡಿಸುವ ವಿಮೆ ಮಾತ್ರ. ಪಿಂಚಣಿಗೆ ಅರ್ಹರಾಗಲು 40 ಕ್ರೆಡಿಟ್, ಅಂದರೆ ಸುಮಾರು ಹತ್ತು ವರ್ಷಗಳ ದುಡಿಮೆ ಬೇಕು. ಭಾರತಕ್ಕೂ ಅಮೆರಿಕಕ್ಕೂ ಈ ವಿಷಯದಲ್ಲಿ ಒಪ್ಪಂದವಿಲ್ಲದ ಕಾರಣ, ಏಳೆಂಟು ವರ್ಷ ಎಚ್-1ಬಿ ವೀಸಾದಲ್ಲಿ ದುಡಿದು ಊರಿಗೆ ಮರಳುವವರು ಕಟ್ಟಿದ್ದನ್ನು ಇಲ್ಲಿಯೇ ಬಿಟ್ಟುಹೋಗುತ್ತಾರೆ. ನನ್ನ ಇಬ್ಬರು ಗೆಳೆಯರು ಹಾಗೆ ಹೋದರು. ಈ ಅನ್ಯಾಯದ ಬಗ್ಗೆ ಎಡಬಲ ಎರಡೂ ಕಡೆಯವರು ಸುಮ್ಮನಿದ್ದಾರೆ, ಏಕೆಂದರೆ ಅದನ್ನು ಅನುಭವಿಸುವವರಿಗೆ ಇಲ್ಲಿ ಮತವಿಲ್ಲ.

ಮೂರೇ ತಿಂಗಳಲ್ಲಿ ನೀವು ಆ ಚೀಟಿಯನ್ನು ನೋಡಿ ಗಾಬರಿಯಾದಿರಿ. ಮೂರು ವರ್ಷ ಕಳೆದರೆ ಅದನ್ನು ತೆರೆದೂ ನೋಡುವುದಿಲ್ಲ. ಅಮೆರಿಕದಲ್ಲಿ ಇಂದಿನ ಆದಾಯ ತೆರಿಗೆ ಶುರುವಾದದ್ದು 1913ರಲ್ಲಿ. ಆಗ ಅದರ ಗರಿಷ್ಠ ದರ ಶೇಕಡ 7, ಕಟ್ಟುತ್ತಿದ್ದವರು ಕೆಲವೇ ಶ್ರೀಮಂತರು. ಎರಡನೇ ಮಹಾಯುದ್ಧದ ಖರ್ಚಿಗಾಗಿ ಸಾಮಾನ್ಯ ನೌಕರರಿಗೂ ಅದು ಬಂತು, 1943ರಲ್ಲಿ ಸಂಬಳದಿಂದಲೇ ಹಿಡಿದುಕೊಳ್ಳುವ ಪದ್ಧತಿಯೂ ಬಂತು. ಅದಕ್ಕೆ ಮೊದಲು ಜನ ಹಿಂದಿನ ವರ್ಷದ ತೆರಿಗೆಯನ್ನು ಮರುವರ್ಷ ಕಂತಿನಲ್ಲಿ ತಾವೇ ಕಟ್ಟುತ್ತಿದ್ದರು. ಈ ಪದ್ಧತಿಯನ್ನು ರೂಪಿಸಿದ ಖಜಾನೆ ಇಲಾಖೆಯ ತರುಣರಲ್ಲಿ, ಮುಂದೆ ಸಣ್ಣ ಸರ್ಕಾರದ ದೊಡ್ಡ ವಕೀಲರೆನಿಸಿದ ಮಿಲ್ಟನ್ ಫ್ರೀಡ್‌ಮನ್ ಕೂಡ ಒಬ್ಬರು. ತಾವು ನೆರವಾಗಿ ಕಟ್ಟಿದ ಯಂತ್ರವೇ ಸರ್ಕಾರವನ್ನು ಇಷ್ಟು ಬೆಳೆಸಿತಲ್ಲ ಎಂದು ಅವರು ಮುಂದೆ ಪರಿತಪಿಸಿದರು. ಕೈಗೆ ಬಾರದ ಹಣ ಹೋದದ್ದು ಯಾರಿಗೂ ನೋಯುವುದಿಲ್ಲ. ಏಪ್ರಿಲ್‌ನಲ್ಲಿ ಸಾವಿರ ಡಾಲರ್ ಮರುಪಾವತಿ ಬಂದಾಗ, ಅದು ವರ್ಷವಿಡೀ ಬಡ್ಡಿಯಿಲ್ಲದೆ ಕೊಟ್ಟ ತಮ್ಮದೇ ಹಣವೆಂಬುದನ್ನು ಮರೆತು ಹಿಗ್ಗುವವರೇ ಹೆಚ್ಚು. ಊರಿನ ಟಿಡಿಎಸ್ ಕಥೆಯೂ ಇದೇ.

ಟೆಕ್ಸಸ್‌ನ ದಾರಿ ಬೇರೆ. ಇಲ್ಲಿ ರಾಜ್ಯದ ಆದಾಯ ತೆರಿಗೆಯಿಲ್ಲ. 2019ರಲ್ಲಿ ಮತದಾರರು ಸಂವಿಧಾನ ತಿದ್ದುಪಡಿಯ ಮೂಲಕ ಅದನ್ನು ನಿಷೇಧಿಸಿಯೂ ಬಿಟ್ಟರು. ಹಾಗೆಂದು ತೆರಿಗೆಯಿಲ್ಲವೆಂದಲ್ಲ. ಅಂಗಡಿಯಲ್ಲಿ ಶೇಕಡ 8.25 ಮಾರಾಟ ತೆರಿಗೆ ಕೊಡುತ್ತಿದ್ದೀರಿ, ಅದರಲ್ಲಿ 6.25 ರಾಜ್ಯಕ್ಕೆ, ಉಳಿದದ್ದು ಊರಿಗೆ. ಇನ್ನೊಂದು ಆಸ್ತಿ ತೆರಿಗೆ. ನೀವು ಬಾಡಿಗೆಗಿರುವುದರಿಂದ ಅದು ನಿಮಗಿಲ್ಲ ಎಂದುಕೊಂಡಿರಬಹುದು. ಆದರೆ ಮಾಲೀಕ ಅದನ್ನು ನಿಮ್ಮ ಬಾಡಿಗೆಯಲ್ಲಿ ಸೇರಿಸದೆ ಬಿಟ್ಟಿರುವುದಿಲ್ಲ. ಬಡವನ ಗಳಿಕೆಯಲ್ಲಿ ಈ ಎರಡೂ ತೆರಿಗೆಗಳು ಹೆಚ್ಚಿನ ಪಾಲನ್ನು ನುಂಗುತ್ತವೆ ಎಂಬ ಟೀಕೆಯನ್ನು ನಾನು ಅಲ್ಲಗಳೆಯುವುದಿಲ್ಲ. ನಾಲ್ಕೂವರೆ ಲಕ್ಷ ಡಾಲರಿನ ಮನೆಗೆ ವರ್ಷಕ್ಕೆ ಆರರಿಂದ ಎಂಟು ಸಾವಿರ ಡಾಲರ್ ಬರುತ್ತದೆ, ಅರ್ಧದಷ್ಟು ಶಾಲೆಗಳಿಗೇ ಹೋಗುತ್ತದೆ. ಬ್ಯಾಂಕಿನವರು ಸಾಲದ ಕಂತಿನ ಜೊತೆ ಇದನ್ನೂ ಹಿಡಿದುಕೊಳ್ಳುವ ಏರ್ಪಾಡಿದೆ. ನಾನು ಅದನ್ನು ಬೇಡವೆಂದು ಜನವರಿ 31ರೊಳಗೆ ಕೈಯಾರೆ ಚೆಕ್ ಬರೆಯುತ್ತೇನೆ. ಹೆಂಡತಿ ಇದನ್ನು ಹಟವೆನ್ನುತ್ತಾಳೆ. ಗದಗ ಜಿಲ್ಲೆಯ ನಮ್ಮೂರಿನಲ್ಲಿ ಅಪ್ಪ ತಲಾಟಿಯ ಮುಂದೆ ಕುಳಿತು ಕಂದಾಯ ಎಣಿಸಿಕೊಟ್ಟು ರಸೀದಿಯನ್ನು ನಾಲ್ಕು ಮಡಿಕೆ ಮಾಡಿ ಕಿಸೆಗಿಡುತ್ತಿದ್ದುದು, ಕೆರೆಯ ಹೂಳೆತ್ತದ ವರ್ಷ ಅದೇ ರಸೀದಿ ಹಿಡಿದು ಜಗಳಕ್ಕೆ ನಿಲ್ಲುತ್ತಿದ್ದುದು ನನ್ನ ಕಣ್ಣ ಮುಂದಿದೆ. ಕಂದಾಯ ಕೆಲವೇ ರೂಪಾಯಿ. ಜಗಳ ಮಾತ್ರ ಪೂರ್ತಿ ತೂಕದ್ದು.

ಇಲ್ಲಿಯೂ ಆ ಜಗಳಕ್ಕೆ ಜಾಗವಿದೆ. ಏಪ್ರಿಲ್‌ನಲ್ಲಿ ಕೌಂಟಿಯಿಂದ, ಅಂದರೆ ಇಲ್ಲಿನ ಜಿಲ್ಲೆಯಿಂದ, ಮನೆಯ ಮೌಲ್ಯದ ನೋಟಿಸು ಬರುತ್ತದೆ, ಒಪ್ಪದಿದ್ದರೆ ಮೇ 15ರೊಳಗೆ ತಕರಾರು ಸಲ್ಲಿಸಬೇಕು. 2016ರಲ್ಲಿ ನಮ್ಮ ಮನೆಯ ಬೆಲೆಯನ್ನು 3,31,000ದಿಂದ 3,62,000 ಡಾಲರಿಗೆ ಏರಿಸಿದ್ದರು. ಡಲ್ಲಾಸ್ ಸುತ್ತಲಿನ ನೆಲ ಎರೆಮಣ್ಣು ಎಂದರೆ ನಿಮಗೆ ಬಿಡಿಸಿ ಹೇಳಬೇಕಿಲ್ಲ. ನಮ್ಮ ಗದಗಿನ ಹೊಲದಂತೆಯೇ ಮಳೆಗೆ ಉಬ್ಬಿ ಬಿಸಿಲಿಗೆ ಬಾಯಿ ಬಿಡುತ್ತದೆ, ಅದರ ಮೇಲೆ ಕೂತ ಕಾಂಕ್ರೀಟ್ ತಳ ಸೀಳುತ್ತದೆ. ಬೇಸಿಗೆಯಲ್ಲಿ ಇಲ್ಲಿನವರು ಗಿಡಕ್ಕೆ ಹಾಯಿಸುವಂತೆ ಮನೆಯ ಬುಡಕ್ಕೆ ನೀರು ಹಾಯಿಸುವುದನ್ನು ಕಂಡು ಮೊದಲ ವರ್ಷ ನಕ್ಕಿದ್ದೆ. 2016ರಲ್ಲಿ ನಮ್ಮದೇ ಊಟದ ಕೋಣೆಯ ಮೂಲೆಯಿಂದ ಬಾಗಿಲಿನವರೆಗೆ ಬಿರುಕು ಓಡಿತ್ತು. ಅದಕ್ಕೆ ನಾಣ್ಯವೊಂದನ್ನು ಸಿಕ್ಕಿಸಿ ತೆಗೆದ ಚಿತ್ರವನ್ನೂ, ದುರಸ್ತಿಯ ಅಂದಾಜು ಪಟ್ಟಿಯನ್ನೂ ಹಿಡಿದು ವಿಚಾರಣೆಗೆ ಹೋದೆ. ಮೇಜಿನ ಆಚೆ ಮೂವರಿದ್ದರು, ಮೂವರೂ ಸರ್ಕಾರಿ ನೌಕರರಲ್ಲ, ನನ್ನಂಥ ಊರ ಜನ. ಅವರಲ್ಲೊಬ್ಬ ಮುದುಕ ಕನ್ನಡಕ ಮೇಲೆತ್ತಿ ಚಿತ್ರವನ್ನು ನೋಡಿ, ತನ್ನ ಮನೆಯದು ಇದಕ್ಕಿಂತ ಅಗಲ ಎಂದ. ಹದಿನೈದು ನಿಮಿಷದಲ್ಲಿ ಮೌಲ್ಯ 3,44,000ಕ್ಕೆ ಇಳಿಯಿತು. ಉಳಿದದ್ದು ನಾನೂರು ಡಾಲರ್ ಇರಬಹುದು. ಆದರೆ ಹೊರಬರುವಾಗ ಹೊಳೆಯಿತು: ಈ ಆಸ್ತಿ ತೆರಿಗೆಯ ನಾಲ್ಕು ಪಟ್ಟನ್ನು ವಾಷಿಂಗ್ಟನ್‌ಗೆ ಕಟ್ಟುವ ನಾನು, ಅದರ ಬಗ್ಗೆ ಒಮ್ಮೆಯೂ ಯಾರ ಎದುರೂ ಹೀಗೆ ಕುಳಿತು ಮಾತಾಡಿಲ್ಲ.

ನನ್ನ ಇಡೀ ವಾದ ಇಷ್ಟೇ. ತೆರಿಗೆ ಕಣ್ಣಿಗೆ ಕಾಣಬೇಕು, ಖರ್ಚಾಗುವ ಜಾಗ ನಡೆದು ಹೋಗುವಷ್ಟು ಹತ್ತಿರವಿರಬೇಕು. ಆಗ ಸರ್ಕಾರದ ಕೈ ತಾನಾಗಿ ಹಿಡಿತದಲ್ಲಿರುತ್ತದೆ. 2019ರ ಕಾನೂನಿನ ನಂತರ ಟೆಕ್ಸಸ್‌ನ ಶಾಲಾ ಜಿಲ್ಲೆಗಳು, ಅಂದರೆ ಊರಿನ ಶಾಲೆಗಳನ್ನು ನಡೆಸುವ ಸಂಸ್ಥೆಗಳು, ಸಾಲ ಎತ್ತುವ ಸಾಲಪತ್ರಕ್ಕೆ ಜನರ ಒಪ್ಪಿಗೆ ಕೇಳುವಾಗ, ಇದು ಆಸ್ತಿ ತೆರಿಗೆಯ ಏರಿಕೆ ಎಂಬ ವಾಕ್ಯವನ್ನು ಮತಪತ್ರದ ಮೇಲೆಯೇ ಅಚ್ಚು ಹಾಕಬೇಕು. ದೊಡ್ಡ ನಗರಗಳು ಹಿಂದಿನ ವರ್ಷಕ್ಕಿಂತ ಶೇಕಡ 3.5ಕ್ಕೂ ಹೆಚ್ಚು ಆಸ್ತಿ ತೆರಿಗೆ ಎತ್ತಬೇಕಾದರೆ ಸಾಮಾನ್ಯವಾಗಿ ಜನರ ಮತ ಕೇಳಬೇಕು. ಇಷ್ಟಾದರೂ ಜನ ಸದಾ ಜಿಪುಣರಾಗಿರುತ್ತಾರೆಂದು ತಿಳಿಯಬೇಡಿ. ಪಕ್ಕದ ಆಲೆನ್ ಊರಿನ ಮತದಾರರು 2009ರಲ್ಲಿ ಒಪ್ಪಿದ ಸಾಲಪತ್ರದಲ್ಲಿ ಹೈಸ್ಕೂಲು ಹುಡುಗರ ಫುಟ್‌ಬಾಲ್‌ಗೆಂದು ಆರು ಕೋಟಿ ಡಾಲರಿನ, ಹದಿನೆಂಟು ಸಾವಿರ ಆಸನಗಳ ಕ್ರೀಡಾಂಗಣವೂ ಸೇರಿತ್ತು. 2012ರಲ್ಲಿ ತೆರೆದ ಅದನ್ನು 2014ರಲ್ಲಿ ಕಾಂಕ್ರೀಟಿನ ಬಿರುಕಿನಿಂದಾಗಿ ಮುಚ್ಚಿ ದುರಸ್ತಿ ಮಾಡಬೇಕಾಯಿತು. ನನಗೆ ಅದು ಹುಚ್ಚಿನಂತೆಯೇ ಕಂಡಿತು. ಆದರೂ ಅದು ಅವರ ಹುಚ್ಚು, ಅವರ ದುಡ್ಡು. ಓಹಾಯೊದ ರೈತನಿಂದ ಹಿಡಿದು ತಂದದ್ದಲ್ಲ.

ರಾಜ್ಯದ ಮಟ್ಟದಲ್ಲಿ ಶಾಸನಸಭೆ ಎರಡು ವರ್ಷಕ್ಕೊಮ್ಮೆ 140 ದಿನ ಸೇರುತ್ತದೆ; ಶಾಸಕನ ಸಂಬಳ ತಿಂಗಳಿಗೆ 600 ಡಾಲರ್. ಬರುವ ಆದಾಯ ಸಾಕಾಗುತ್ತದೆಂದು ಲೆಕ್ಕಾಧಿಕಾರಿ ದೃಢೀಕರಿಸದೆ ಬಜೆಟ್ ಜಾರಿಗೆ ಬರುವುದಿಲ್ಲ. ಹಾಗಿದ್ದೂ ಈ ಬಜೆಟ್ಟಿನ ಸುಮಾರು ಮೂರನೇ ಒಂದು ಭಾಗ ವಾಷಿಂಗ್ಟನ್‌ನಿಂದ ಬರುತ್ತದೆ ಎಂಬುದನ್ನು ನಮ್ಮವರು ಜಂಬದ ನಡುವೆ ಹೇಳುವುದಿಲ್ಲ.

ವಾಷಿಂಗ್ಟನ್‌ಗೆ ಇಂಥ ಯಾವ ಕಟ್ಟೂ ಇಲ್ಲ. 2024ರ ಹಣಕಾಸು ವರ್ಷದಲ್ಲಿ ಒಕ್ಕೂಟ ಸರ್ಕಾರಕ್ಕೆ ಬಂದದ್ದು ಸುಮಾರು 4.9 ಲಕ್ಷ ಕೋಟಿ ಡಾಲರ್, ಖರ್ಚಾದದ್ದು 6.7 ಲಕ್ಷ ಕೋಟಿಗೂ ಹೆಚ್ಚು. ಅದೇ ವರ್ಷ ಸಾಲದ ಬಡ್ಡಿ ರಕ್ಷಣಾ ವೆಚ್ಚವನ್ನು ಮೀರಿತು. 2025ರ ಆಗಸ್ಟ್‌ನಲ್ಲಿ ಒಟ್ಟು ಸಾಲ 37 ಲಕ್ಷ ಕೋಟಿ ದಾಟಿತು. ಕೊನೆಯ ಬಾರಿ ಬಜೆಟ್ಟಿನಲ್ಲಿ ಹಣ ಉಳಿದದ್ದು 1998ರಿಂದ 2001ರವರೆಗೆ, ಹೆಚ್ಚಿನ ಅವಧಿ ಡೆಮಾಕ್ರಟಿಕ್ ಅಧ್ಯಕ್ಷ ಕ್ಲಿಂಟನ್ ಮತ್ತು ರಿಪಬ್ಲಿಕನ್ ಕಾಂಗ್ರೆಸ್ ಒಬ್ಬರ ಜುಟ್ಟನ್ನೊಬ್ಬರು ಹಿಡಿದುಕೊಂಡಿದ್ದ ಕಾಲ. ಆನಂತರ ನಾನು ಮತ ಹಾಕುವ ರಿಪಬ್ಲಿಕನ್ ಪಕ್ಷವೂ ತೆರಿಗೆ ಇಳಿಸಿತೇ ಹೊರತು ಖರ್ಚನ್ನು ಮುಟ್ಟಲಿಲ್ಲ. ತೆರಿಗೆ ಕಡಿತ ತನ್ನ ನಷ್ಟವನ್ನು ತಾನೇ ತುಂಬಿಕೊಳ್ಳುತ್ತದೆ ಎಂಬ ಮಾತನ್ನು ನಂಬಿ ಕಾನ್ಸಾಸ್‌ನ ಗವರ್ನರ್ ಸ್ಯಾಮ್ ಬ್ರೌನ್‌ಬ್ಯಾಕ್ 2012ರಲ್ಲಿ ಆದಾಯ ತೆರಿಗೆಯನ್ನು ಕಡಿದರು. ಖಜಾನೆ ಬರಿದಾಗಿ, 2017ರಲ್ಲಿ ಅವರದೇ ಪಕ್ಷದ ಬಹುಮತವಿದ್ದ ಶಾಸನಸಭೆ ಅವರ ವೀಟೊವನ್ನು ಮೀರಿ ಅದನ್ನು ಹಿಂತೆಗೆದುಕೊಂಡಿತು. ಖರ್ಚು ಇಳಿಸದೆ ತೆರಿಗೆ ಇಳಿಸುವುದು ಮಕ್ಕಳ ಹೆಸರಿನಲ್ಲಿ ಕೈಗಡ ತಂದು ಹಬ್ಬ ಮಾಡಿದಂತೆ. ಅದನ್ನು ಸಂಪ್ರದಾಯವಾದವೆಂದು ಕರೆಯಲು ನನಗೆ ನಾಚಿಕೆಯಾಗುತ್ತದೆ.

ಈಗ ಕ್ಯಾಲಿಫೋರ್ನಿಯಾ. ಒಂದು ಲಕ್ಷ ನಲವತ್ತು ಸಾವಿರ ಡಾಲರ್ ಸಂಬಳದ ಅವಿವಾಹಿತರಿಗೆ ಅಲ್ಲಿ ರಾಜ್ಯದ ಆದಾಯ ತೆರಿಗೆಯೇ ಸುಮಾರು ಒಂಬತ್ತು ಸಾವಿರ ಡಾಲರ್ ಆಗುತ್ತದೆ. ಆಸ್ತಿ ತೆರಿಗೆ ಮಾತ್ರ ಕಡಿಮೆ ಎಂದು ಯಾರಾದರೂ ಹೇಳಿದರೆ, ಅದು ಯಾರಿಗೆ ಕಡಿಮೆ ಎಂದು ಕೇಳಿ. 1978ರಲ್ಲಿ ಹೊವಾರ್ಡ್ ಜಾರ್ವಿಸ್ ಮುಂದಾಳತ್ವದಲ್ಲಿ ಜನಮತದಿಂದ ಬಂದ 13ನೇ ಪ್ರಸ್ತಾವ ಆಸ್ತಿ ತೆರಿಗೆಯ ಮೂಲದರವನ್ನು ಶೇಕಡ ಒಂದಕ್ಕೆ, ಮೌಲ್ಯದ ಏರಿಕೆಯನ್ನು ವರ್ಷಕ್ಕೆ ಶೇಕಡ ಎರಡಕ್ಕೆ ಕಟ್ಟಿಹಾಕಿತು. ನಮ್ಮ ಪಾಳೆಯದ ದೊಡ್ಡ ಗೆಲುವುಗಳಲ್ಲಿ ಅದೂ ಒಂದು. ಆದರೆ ಮನೆ ಕೈಬದಲಾದಾಗ ಮೌಲ್ಯ ಹೊಸದಾಗಿ ನಿಗದಿಯಾಗುವುದರಿಂದ, ನಲವತ್ತು ವರ್ಷಗಳಿಂದ ಅಲ್ಲಿರುವ ನೆರೆಯವ ಎರಡು ಸಾವಿರ ಕಟ್ಟುವಲ್ಲಿ ಹದಿನೈದು ಲಕ್ಷ ಕೊಟ್ಟು ಮನೆ ಕೊಂಡ ನೀವು ಹದಿನೈದು ಸಾವಿರಕ್ಕೆ ಕಡಿಮೆಯಿಲ್ಲದೆ ಕಟ್ಟುತ್ತೀರಿ. ಹೊಸಬನ ಮೇಲೆಯೇ ಭಾರ ಬೀಳುವ ವ್ಯವಸ್ಥೆ ಅದು. ರಾಜ್ಯದ ಬೊಕ್ಕಸವಂತೂ ಶ್ರೀಮಂತರ ಷೇರು ಲಾಭಕ್ಕೆ ಜೋತುಬಿದ್ದಿದೆ: 2022ರ ಮೇ ತಿಂಗಳಲ್ಲಿ 97 ಶತಕೋಟಿ ಡಾಲರ್ ಮಿಗುತ್ತದೆಂದ ಸರ್ಕಾರ ಮರುವರ್ಷವೇ ಕೊರತೆಯ ಮಾತಾಡಿತು.

ಆಸ್ಪತ್ರೆಯ ವಿಷಯದಲ್ಲಿ ಕ್ಯಾಲಿಫೋರ್ನಿಯಾ ಮುಂದಿದೆ, ಅದನ್ನು ಒಪ್ಪುತ್ತೇನೆ. ವಿಮೆಯಿಲ್ಲದವರ ಪ್ರಮಾಣ ಇಡೀ ದೇಶದಲ್ಲಿ ಟೆಕ್ಸಸ್‌ನಲ್ಲೇ ಅತಿ ಹೆಚ್ಚು. ಕೆಲಸ ಹೋದರೆ ವಿಮೆಯೂ ಹೋಗುತ್ತದೆ, ವೀಸಾದ ಗಡುವೂ ಓಡತೊಡಗುತ್ತದೆ. ಆದ್ದರಿಂದ ಆದಾಯ ತೆರಿಗೆಯಲ್ಲಿ ಉಳಿದ ಆ ಒಂಬತ್ತು ಸಾವಿರವನ್ನು ಕಾರಿಗೆ ಸುರಿಯದೆ ಕಷ್ಟಕಾಲದ ಖರ್ಚಿಗೆಂದು ತೆಗೆದಿಡಿ. ಕೆಲಸ ಹೆಚ್ಚು ಕಲಿಸುವಂಥದಾಗಿದ್ದರೆ ಕ್ಯಾಲಿಫೋರ್ನಿಯಾಕ್ಕೆ ಹೋಗಿ, ತೆರಿಗೆಯೊಂದನ್ನೇ ನೋಡಿ ಬಿಡಬೇಡಿ. ಸಂಬಳ ಇಪ್ಪತ್ತು ಸಾವಿರ ಹೆಚ್ಚೆಂಬ ಕಾರಣಕ್ಕಷ್ಟೇ ಹೋಗುವುದಾದರೆ, ತೆರಿಗೆ ಮತ್ತು ಬಾಡಿಗೆ ಕಳೆದ ಮೇಲೆ ಅದರಲ್ಲಿ ಏನೂ ಉಳಿಯುವುದಿಲ್ಲ.

ಇಲ್ಲಿಯೇ ನಿಂತು ಮುಂದೆ ಮನೆ ಕೊಂಡರೆ, ಮತವಿಲ್ಲದಿದ್ದರೂ ಮೌಲ್ಯಕ್ಕೆ ತಕರಾರು ಹಾಕುವ ಹಕ್ಕು ನಿಮಗಿರುತ್ತದೆ. ಅದಕ್ಕೆ ಪೌರತ್ವ ಬೇಡ. ಗೋಡೆಯ ಬಿರುಕಿನ ಚಿತ್ರಗಳನ್ನು ಮಾತ್ರ ಹಿಂದಿನ ಆಗಸ್ಟ್‌ನಲ್ಲೇ ತೆಗೆದಿಟ್ಟುಕೊಳ್ಳಿ. ಏಪ್ರಿಲ್‌ನಲ್ಲಿ ನೋಟಿಸು ಬರುವ ಹೊತ್ತಿಗೆ ಮಳೆಗೆ ಎರೆ ಉಬ್ಬಿ, ಅವು ಅರ್ಧ ಮುಚ್ಚಿಕೊಂಡಿರುತ್ತವೆ.